ಶ್ರುತಿ ಮೊದಲು ಕಿವಿಯಲ್ಲಿ

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಊರು ಯಾವುದೇ ಇರಲಿ, ಹವ್ಯಾಸಕ್ಕೆಂದು ಮೃದಂಗ ಹಿಡಿದವರ ಮೊದಲ ಚಿಂತೆ ವಾದ್ಯದ್ದೇ: ಹಲಸಿನ ಮರದ್ದು ಕೊಳ್ಳಬೇಕೆ, ಫೈಬರ್‌ನದು ಸಾಕೆ? ಮಳೆಗಾಲದಲ್ಲಿ ಚರ್ಮ ತೇವ ಹೀರಿ ಶ್ರುತಿ ಇಳಿದರೆ ವಾದ್ಯದ ಮೇಲೆಯೇ ಅನುಮಾನ. ಆದರೆ ಎಡಮುಖಕ್ಕೆ ಕಲಸಿದ ರವೆ ಎಷ್ಟು ಮೆತ್ತಬೇಕು, ಬಲಮುಖದ ಅಂಚಿಗೆ ಎಲ್ಲಿ ತಟ್ಟಿದರೆ ಶ್ರುತಿ ಏರುತ್ತದೆ ಎಂದು ತೀರ್ಮಾನಿಸುವುದು ಕಿವಿ. ಅದು ಪಳಗದಿದ್ದರೆ ದುಬಾರಿ ಮೃದಂಗವೂ ಅಪಶ್ರುತಿಯನ್ನೇ ನುಡಿಯುತ್ತದೆ.

ಕೆಟ್ಟ ವಾದ್ಯದಿಂದ ಕೈ ಕೆಡುವುದಿಲ್ಲವೆ ಎಂದು ಕೇಳಬಹುದು. ನಿಜ, ಬಲಮುಖದ ಕಪ್ಪು ಲೇಪವಾದ ಕರಣೆ ಉದುರಿದ ಮೃದಂಗದಲ್ಲಿ ‘ನಂ’ ಸ್ಪಷ್ಟವಾಗಿ ಮೂಡದು, ಅದನ್ನು ಸರಿಪಡಿಸಲೇಬೇಕು. ಅದರಾಚೆಗೆ ಶ್ರುತಿ ನಿಲ್ಲುವ ಸಾಧಾರಣ ವಾದ್ಯ ಧಾರಾಳವಾಗಿ ಸಾಕು. ಬಿಡುವೇ ಇಲ್ಲ ಎನ್ನುವುದು ಇನ್ನೊಂದು ಆಕ್ಷೇಪ. ಭಾನುವಾರ ಮೂರು ಗಂಟೆ ಬಡಿಯುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ‘ತ ದಿ ತೊಂ ನಂ’ ಪಾಠವನ್ನು ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ನುಡಿಸುವುದು ಮೇಲು; ಮೊದಲ ಕಾಲದಲ್ಲಿ ಅಕ್ಷರ ಶುದ್ಧವಾಗದೆ ಮೂರನೆಯ ಕಾಲಕ್ಕೆ ಹಾರಿದರೆ ತಪ್ಪೇ ಅಭ್ಯಾಸವಾಗುತ್ತದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಹಾಡಿದರು. ನಿತ್ಯ ಸಾಧನೆಯ ಬಲ ಅದು. ಹೊಸ ವಾದ್ಯಕ್ಕೆ ಹಣ ಕೂಡಿಡುವ ಮುನ್ನ ಇರುವ ವಾದ್ಯಕ್ಕೆ ನಮ್ಮ ಸಮಯ ಕೊಡೋಣ.