ಕ್ಯಾಮೆಲಾಟ್ ಹುಡುಕಿ ಅಗೆದವರು

ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಸೌತ್ ಕ್ಯಾಡ್‌ಬರಿ ಅಂತ ಒಂದು ಹಳ್ಳಿ. ಅದರ ಬೆನ್ನಿಗೇ ಒಂದು ಗುಡ್ಡ, ಗುಡ್ಡಕ್ಕೆ ನಾಲ್ಕು ಸುತ್ತು ಮಣ್ಣಿನ ಕೋಟೆ. 1542ರಲ್ಲಿ ಜಾನ್ ಲೆಲ್ಯಾಂಡ್ ಎಂಬ ವಿದ್ವಾಂಸ ಇದೇ ದಂತಕಥೆಯ ಆರ್ಥರ್ ರಾಜನ ಆಸ್ಥಾನ ಕ್ಯಾಮೆಲಾಟ್ ಎಂದು ಬರೆದಿಟ್ಟ. ಊರವರ ಪ್ರಕಾರ ಗುಡ್ಡ ಒಳಗೆ ಟೊಳ್ಳು, ಅಲ್ಲಿ ಆರ್ಥರ್ ರಾಜ ಮಲಗಿದ್ದಾನೆ. ನಮ್ಮ ಹಾಳು ಕೋಟೆಗಳಲ್ಲೂ ನಿಧಿ ಕಾಯುವ ಸರ್ಪ ಇರಲೇಬೇಕಲ್ಲ, ಹಾಗೆ.

ಈ ಕಥೆಗೆ ಪುರಾವೆಯಂಥದ್ದು ಎದ್ದದ್ದು 1950ರ ದಶಕದಲ್ಲಿ, ಉತ್ತ ನೆಲದಿಂದ. ಅಲ್ಲಿ ಆಯ್ದ ಮಡಕೆ ಬೋಕಿಗಳನ್ನು ರ್‍ಯಾಡ್‌ಫರ್ಡ್ ಎಂಬ ಪುರಾತತ್ವಜ್ಞರು ಗುರುತು ಹಿಡಿದರು: ತಾವೇ ಟಿಂಟಾಜೆಲ್ ಎಂಬ ಊರಲ್ಲಿ ಅಗೆದು ತೆಗೆದಿದ್ದ ಜಾತಿಯವು! ಪೂರ್ವ ಮೆಡಿಟರೇನಿಯನ್ನಿನಿಂದ ದ್ರಾಕ್ಷಾರಸ, ಎಣ್ಣೆ ತುಂಬಿ ಬರುತ್ತಿದ್ದ ಜಾಡಿಗಳ ಚೂರು, ಕ್ರಿ.ಶ. 5-6ನೇ ಶತಮಾನದ್ದು. ರೋಮನ್ ಆಳ್ವಿಕೆ ಮುಗಿದ ಮೇಲೂ ಈ ಗುಡ್ಡದಲ್ಲಿ ಹಡಗಿನ ಸರಕು ತರಿಸಿಕೊಳ್ಳುವಂಥ ಅನುಕೂಲಸ್ಥ ಯಾರೋ ಇದ್ದ.

1966ರಿಂದ 1970ರವರೆಗೆ ಉತ್ಖನನ ನಡೆಸಿದವರು ಲೆಸ್ಲಿ ಆಲ್ಕಾಕ್. ಗೂರ್ಖಾ ಪಡೆಯಲ್ಲಿದ್ದವರು, ಮೊಹೆಂಜೊದಾರೊದಲ್ಲಿ ಮಾರ್ಟಿಮರ್ ವೀಲರ್ ಜೊತೆ ಅಗೆದವರು. ಉತ್ಖನನ ನಡೆಸಿದ ಸಮಿತಿಗೆ ಅಧ್ಯಕ್ಷರೂ ವೀಲರ್. 1947ರಲ್ಲಿ ನಮ್ಮ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆಸಿದ ಅದೇ ವೀಲರ್. ಸಮಿತಿಯ ಹೆಸರಲ್ಲೇ ಕ್ಯಾಮೆಲಾಟ್ ಇತ್ತು. ಇಲ್ಲದಿದ್ದರೆ ಅಷ್ಟು ದುಡ್ಡು ಹುಟ್ಟುತ್ತಿತ್ತೇ ಎಂದು ನನಗೆ ಅನುಮಾನ.

ಸಿಕ್ಕಿದ್ದು ಹೆಚ್ಚಾಗಿ ಕುಳಿಗಳು. ಮರದ ಕಂಬ ಎಂದೋ ಕೊಳೆತುಹೋಗುತ್ತದೆ, ಅದನ್ನು ನೆಡಲು ಬಂಡೆಯಲ್ಲಿ ಕೊರೆದ ಗುಂಡಿ ಉಳಿಯುತ್ತದೆ. ಆದರೆ ಇಲ್ಲಿ ರೋಮನ್ನರಿಗಿಂತ ಹಿಂದಿನ ಕಾಲದ ಗುಂಡಿಗಳೂ ಒಂದರ ಮೇಲೊಂದು ಬೆರೆತಿದ್ದವು. ಅವುಗಳಲ್ಲಿ ಒಂದೇ ಕಟ್ಟಡದವು ಯಾವುವು? ಸಾಲು ಹೊಂದಿಸಿ ನೋಡಿದರು. ಅಡ್ಡಗೋಡೆ ನಿಲ್ಲಿಸಲು ತೋಡಿದ ಕಾಲುವೆಯಲ್ಲಿ ಅದೇ ಜಾತಿಯ ಜಾಡಿಯ ಬೋಕಿ ಸಿಕ್ಕಾಗ ಕಾಲವೂ ಗೊತ್ತಾಯಿತು. ಸುಮಾರು 19 ಮೀಟರ್ ಉದ್ದ, 10 ಮೀಟರ್ ಅಗಲದ ದೊಡ್ಡ ಪಡಸಾಲೆ ಅದು. ಗುಡ್ಡದ ಸುತ್ತ, ಹಳೆಯ ದಿಬ್ಬದ ಮೇಲೇ ಮರದ ಚೌಕಟ್ಟು ಕಟ್ಟಿ ಕಲ್ಲು ತುಂಬಿದ ಗೋಡೆ. ಸುತ್ತಳತೆ ಸುಮಾರು 1,100 ಮೀಟರ್. ಕೆಲವು ಕಲ್ಲುಗಳು ಪಾಳುಬಿದ್ದ ರೋಮನ್ ಕಟ್ಟಡಗಳವು. ಇಷ್ಟು ಗೋಡೆಗೆ ಆಳು ಕರೆಸಿ ಅನ್ನ ಹಾಕಿದವನು ಸಣ್ಣ ಪಾಳೆಯಗಾರನಂತೂ ಅಲ್ಲ.

ಮೇಲಿನ ಪದರ 11ನೇ ಶತಮಾನದ ಆರಂಭದ್ದು. ವೈಕಿಂಗರ ಹಾವಳಿಯಲ್ಲಿ ಎಥೆಲ್ರೆಡ್ ದೊರೆ ಇಲ್ಲಿ ಗಾರೆಗೋಡೆ ಎಬ್ಬಿಸಿ ಟಂಕಸಾಲೆ ಇಟ್ಟ. ಶಿಲುಬೆಯಾಕಾರದ ಚರ್ಚಿಗೆ ಪಾಯ ತೋಡಿದರು, ಕಟ್ಟಲಿಲ್ಲ.

ಆಲ್ಕಾಕ್ 1972ರ ಪುಸ್ತಕದ ಶೀರ್ಷಿಕೆಯಲ್ಲೇ ಕ್ಯಾಮೆಲಾಟ್ ಅಂದರು. ಆಮೇಲೆ ತಾವೇ ಆರ್ಥರನ ಕೈಬಿಟ್ಟರು. 1995ರ ಅವರ ವರದಿಯ ಶೀರ್ಷಿಕೆಯಲ್ಲಿ ಬರಿಯ ಕ್ಯಾಡ್‌ಬರಿ ಕೋಟೆ ಇದೆ.