ಕಂಪನಿ ಕೈಬಿಟ್ಟ ಮೇಲೆ ತಂಡ ಯಾರದು?

ಮುಂಬೈಯಲ್ಲಿ ಐಸ್ ಅಂದ್ರೆ ಒಂದೋ ಜುಹು ಬೀಚಿನ ಗೋಲಾ, ಇಲ್ಲಾಂದ್ರೆ ಸಸೂನ್ ಡಾಕಿನ ಮೀನಿನ ಪೆಟ್ಟಿಗೆ. ಅಂಥ ಊರಲ್ಲಿ ಕೂತು ಜಪಾನಿನ ಒಂದು ಐಸ್ ಹಾಕಿ ತಂಡದಿಂದ ಮಾತು ಶುರು ಮಾಡ್ತಾ ಇದೀನಿ. ಗಾಬರಿ ಬೇಡ, ಬೇಗ ಕೂಪರೇಜ್ ಮೈದಾನಕ್ಕೆ ವಾಪಸ್ ಬರೋಣ. ಐರೋಲಿ, ಪವಾಯಿ, ಮಲಾಡ್ ಕಡೆ ಕೊರಳಿಗೆ ಐಡಿ ಕಾರ್ಡ್ ಹಾಕ್ಕೊಂಡು ಓಡಾಡೋ ನಮ್ಮಂಥವರಿಗೆ ಈ ಎರಡೂ ಕಡೆಯ ಕಥೆ ಸಂಬಂಧಪಟ್ಟಿದ್ದೇ.

ಜಪಾನಿನಲ್ಲಿ ನಿಕ್ಕೊ ಅಂತ ಬೆಟ್ಟದ ಪುಟ್ಟ ಊರು. ಕೆಟ್ಟದ್ದನ್ನು ನೋಡಬೇಡ, ಕೇಳಬೇಡ, ಆಡಬೇಡ ಅನ್ನೋ ಮೂರು ಕೋತಿಗಳು ಗೊತ್ತಲ್ಲ, ಅವುಗಳ ಪ್ರಸಿದ್ಧ ಕೆತ್ತನೆ ಇರೋದು ಆ ಊರಿನ ದೇವಸ್ಥಾನದಲ್ಲೇ. ಅಲ್ಲಿ ಫುರುಕಾವಾ ಎಲೆಕ್ಟ್ರಿಕ್ ಕಂಪನಿಯ ತಾಮ್ರದ ಕಾರ್ಖಾನೆ ಇದೆ. 1925ರಲ್ಲಿ ಆ ಕಂಪನಿ ಒಂದು ಐಸ್ ಹಾಕಿ ತಂಡ ಕಟ್ಟಿತು. ಅದೇ ವರ್ಷ ಉತ್ತರದ ಹೊಕ್ಕೈಡೊದಲ್ಲಿ ಓಜಿ ಕಾಗದದ ಕಂಪನಿಯ ತಂಡವೂ ಹುಟ್ಟಿತು. ಆಟಗಾರ ಅಂದ್ರೆ ಕಂಪನಿಯ ನೌಕರ, ಜೆರ್ಸಿ ಮೇಲೆ ಕಂಪನಿ ಹೆಸರು. ಜಪಾನಿನಲ್ಲಿ ಬಹಳ ಆಟಗಳು ಬೆಳೆದಿದ್ದು ಹೀಗೇ.

ನಮಗೆ ಇದು ಹೊಸದೇನಲ್ಲ. ಬೆಂಗಳೂರಲ್ಲಿ ಐಟಿಐ, ಎಚ್‌ಎಎಲ್ ತಂಡಗಳ ಹೆಸರು ಕೇಳ್ಕೊಂಡೇ ನಮ್ಮ ಅಪ್ಪಂದಿರು ಬೆಳೆದಿದ್ದು. ಕೊಡಗಿನ ಎಂ. ಎಂ. ಸೋಮಯ್ಯ 1980ರ ಮಾಸ್ಕೋ ಒಲಿಂಪಿಕ್ಸಿನ ಚಿನ್ನದ ತಂಡದಲ್ಲಿದ್ದರು, 1988ರಲ್ಲಿ ಸಿಯೋಲಿನಲ್ಲಿ ಭಾರತದ ನಾಯಕ. ಕೆಲಸ ಭಾರತ್ ಪೆಟ್ರೋಲಿಯಂನಲ್ಲಿ. ಆಗ ಆಟಗಾರನಿಗೆ ಹೆಣ್ಣು ಕೊಡೋರು ಮೊದಲು ಕೇಳ್ತಿದ್ದಿದ್ದು ಎಷ್ಟು ಗೋಲು ಹೊಡೆದಿದಾನೆ ಅಂತಲ್ಲ, ಕೆಲಸ ಪರ್ಮನೆಂಟಾ ಅಂತ!

ಈಗ ಮುಂಬೈಗೆ ಬರೋಣ. 1962ರಲ್ಲಿ ಮಹೀಂದ್ರ ಕಂಪನಿ ಇಲ್ಲಿ ಒಂದು ಫುಟ್‌ಬಾಲ್ ತಂಡ ಶುರು ಮಾಡಿತು. ಮುಂದೆ ಅದರ ಹೆಸರು ಮಹೀಂದ್ರ ಯುನೈಟೆಡ್ ಅಂತಾಯ್ತು. ಕಂಪನಿ ಜೀಪ್ ಮಾಡೋದು, ಹಾಗಾಗಿ ಪತ್ರಿಕೆಯವರು ಇವರನ್ನ ‘ಜೀಪ್‌ಮೆನ್’ ಅಂತ ಕರೀತಿದ್ರು. ಹೆಸರಿಗಷ್ಟೇ ಇದ್ದ ತಂಡ ಅಂದ್ಕೋಬೇಡಿ. ಡ್ಯುರಾಂಡ್ ಕಪ್ ಮೂರು ಸಲ, ಫೆಡರೇಶನ್ ಕಪ್ ಎರಡು ಸಲ, 2005-06ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್. ಆಗ ಕೋಚ್ ಡೆರಿಕ್ ಪಿರೇರಾ, ಮುಂದೆ ಗೋಲು ಹೊಡೆಯೋಕೆ ಘಾನಾದ ಯೂಸುಫ್ ಯಾಕುಬು. ಕೋಲ್ಕತ್ತಾ, ಗೋವಾದ ದೊಡ್ಡ ಕ್ಲಬ್ಬುಗಳನ್ನು ಹಿಂದೆ ಹಾಕಿ ಮುಂಬೈಗೆ ಬಂದ ಲೀಗ್ ಅದು.

ನಾನು ಈ ಊರಿಗೆ ಬಂದಿದ್ದು 2004ರಲ್ಲಿ. ಚರ್ಚ್‌ಗೇಟಲ್ಲಿ ಇಳಿದು ಓವಲ್ ಮೈದಾನ ದಾಟಿ ಕೂಪರೇಜಿಗೆ ನಡ್ಕೊಂಡು ಹೋಗ್ತಿದ್ದೆ. ಒಳ್ಳೇ ಆಟ. ಆದ್ರೆ ನಾನು ಹೋದ ದಿನಗಳಲ್ಲಿ ಗ್ಯಾಲರಿ ತುಂಬಿದ್ದು ನೋಡಿಲ್ಲ. ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ಬಂದ್ರೆ ಗಲಾಟೆ ಇರ್ತಿತ್ತು, ಅದೂ ಅವರ ಕಡೆಯವರದ್ದೇ. ಮುಂಬೈಯ ಬಂಗಾಳಿಗಳು ಮೀನಿನ ಊಟ ಮುಗಿಸಿ ಕುಟುಂಬ ಸಮೇತ ಬಂದು ಕೂರೋರು. ಮನೆ ಅಂಗಳದಲ್ಲೇ ಮಹೀಂದ್ರ ಅತಿಥಿ ಥರ ಆಡ್ತಿತ್ತು. ಕಾಂದಿವಲಿಯಲ್ಲಿ ಅವರ ಕಾರ್ಖಾನೆ ಮುಂದೆ ದಿನಾ ಓಡಾಡೋರಿಗೂ ಈ ಕಂಪನಿಗೊಂದು ಚಾಂಪಿಯನ್ ತಂಡ ಇದೆ ಅಂತ ಗೊತ್ತಿರಲಿಲ್ಲ. ಕಾಂದಿವಲಿಯ ನನ್ನ ಇಬ್ಬರು ರೂಮ್‌ಮೇಟ್‌ಗಳ ಮಾತಿದು, ಸಮೀಕ್ಷೆ ಅಲ್ಲ!

2010ರಲ್ಲಿ ಮಹೀಂದ್ರ ತಂಡವನ್ನು ಮುಚ್ಚಿತು. ದುಡ್ಡಿಲ್ಲದೆ ಮುಚ್ಚಿದ್ದಲ್ಲ. ಶಾಲಾ ಮಕ್ಕಳ ಫುಟ್‌ಬಾಲ್ ಕಡೆ ಗಮನ ಕೊಡ್ತೀವಿ ಅಂದರು. ಅದೂ ಒಳ್ಳೇ ಕೆಲಸವೇ, ಕಂಪನಿಯನ್ನ ಬೈಯೋದಕ್ಕೆ ನಾನಿಲ್ಲಿ ಬಂದಿಲ್ಲ. 48 ವರ್ಷ ಸಾಕಿದ್ದೂ ಅವರೇ. ನನ್ನನ್ನು ಕಾಡೋದು ಬೇರೆ ವಿಷಯ: ಮುಚ್ಚಬೇಡಿ ಅಂತ ಬೀದಿಗೆ ಬರೋರು ಯಾರೂ ಇರಲಿಲ್ಲ. ಆಟಗಾರರು ಬೇರೆ ಕ್ಲಬ್ ಹುಡುಕ್ಕೊಂಡ್ರು, ಪತ್ರಿಕೆಗಳು ಒಂದು ವಾರ ಬರೆದವು, ಅಲ್ಲಿಗೆ ಮುಗೀತು. 2013ರಲ್ಲಿ ಏರ್ ಇಂಡಿಯಾ ತಂಡವೂ ಐ-ಲೀಗಿನಿಂದ ಹೊರಬಿತ್ತು. ಆಗ ಲೈಸೆನ್ಸ್ ನಿಯಮ ಬಂದಿತ್ತು, ಅದರ ಷರತ್ತುಗಳಿಗೆ ಇಂಥ ಇಲಾಖಾ ತಂಡಗಳು ಹೊಂದಲಿಲ್ಲ. ಮಹೀಂದ್ರ, ಏರ್ ಇಂಡಿಯಾ ಎರಡರಲ್ಲೂ ಆಡಿದ್ದ ಖಾಲಿದ್ ಜಮೀಲ್ 2017ರಲ್ಲಿ ಕೋಚ್ ಆಗಿ ಮಿಜೋರಾಮಿನ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆಲ್ಲಿಸಿಕೊಟ್ಟರು. ಆಟಗಾರ ಉಳಿದ, ಅವನು ಆಡಿದ ಎರಡು ತಂಡಗಳೂ ಉಳಿಯಲಿಲ್ಲ.

ನಿಕ್ಕೊದಲ್ಲಿ ಇದೇ ಪರಿಸ್ಥಿತಿ ಹನ್ನೊಂದು ವರ್ಷ ಮೊದಲೇ ಬಂದಿತ್ತು. ಜಪಾನಿನ ಆರ್ಥಿಕತೆ ಕುಸಿದು ಒಂದೊಂದೇ ಕಂಪನಿ ಆಟದಿಂದ ಕೈ ತೊಳ್ಕೊಳ್ತಾ ಇದ್ದ ಕಾಲ. 1999ರಲ್ಲಿ ಫುರುಕಾವಾ ತಂಡವನ್ನ ಬಿಟ್ಟಿತು. ಆದ್ರೆ ಅಲ್ಲಿ ಊರಿನವರು ಬಿಡಲಿಲ್ಲ. ಅಭಿಮಾನಿಗಳು, ಊರಿನ ಜನ ಸೇರಿ ಅದನ್ನ ಜನರ ಕ್ಲಬ್ ಆಗಿ ಮಾಡಿ, ಐಸ್ ಬಕ್ಸ್ ಅಂತ ಹೆಸರಿಟ್ಟರು. ಬಕ್ ಅಂದ್ರೆ ಗಂಡು ಜಿಂಕೆ. ಕಿರಿಫುರಿ ಅನ್ನೋ ಅಂಗಣದಲ್ಲಿ ಆಡ್ತಾರೆ, ಏಷ್ಯಾ ಲೀಗಿನಲ್ಲಿದ್ದಾರೆ. ಸುಖವಾಗೇನೂ ಬದುಕಲಿಲ್ಲ, ಪ್ರಾಯೋಜಕರನ್ನ ಹುಡುಕೋದೇ ಪ್ರತಿ ವರ್ಷದ ಪಾಡು. ಹಾಗಿದ್ದೂ ಲೆಕ್ಕ ನೋಡಿ. ಟೋಕಿಯೊ ಕಡೆಯ ಶ್ರೀಮಂತ ಸೇಬು ಕಂಪನಿಯ ತಂಡ 2009ರಲ್ಲಿ ಮುಚ್ಚಿತು. ನಿಪ್ಪಾನ್ ಪೇಪರ್ ಕಂಪನಿಯ ತಂಡ 2019ರಲ್ಲಿ. ಕೊನೆಗೆ ಓಜಿಯವರೂ 2021ರಲ್ಲಿ ತಮ್ಮ ತಂಡವನ್ನು ಕ್ಲಬ್ ಮಾಡಿ ರೆಡ್ ಈಗಲ್ಸ್ ಹೊಕ್ಕೈಡೊ ಅಂತ ಹೆಸರು ಬದಲಿಸಿದರು. ಎಲ್ಲರಿಗಿಂತ ಬಡವರು ಹಿಡಿದ ದಾರಿಗೇ ದೊಡ್ಡವರೂ ಬಂದ್ರು.

ಯಾಕೆ ಅಲ್ಲಿ ಆಯ್ತು, ಇಲ್ಲಿ ಆಗಲಿಲ್ಲ? ಮುಂಬೈಯವರಿಗೆ ಪ್ರೀತಿ ಇಲ್ಲ ಅಂತ ಒಪ್ಪಲ್ಲ ನಾನು. ನಿಕ್ಕೊದಲ್ಲಿ ಚಳಿಗಾಲದ ಸಂಜೆಗೆ ಇರೋದೇ ಆ ಒಂದು ತಂಡ. ಮುಂಬೈಗೆ ಕ್ರಿಕೆಟ್ ಇದೆ, ಸಿನಿಮಾ ಇದೆ, ಆಮೇಲೆ 8:12ರ ಲೋಕಲ್ ಹಿಡಿಯೋದಿದೆ. ಆದ್ರೆ ಅದಕ್ಕಿಂತ ದೊಡ್ಡ ಕಾರಣ, ಇದು ನಿಮ್ಮದು ಅಂತ ಮುಂಬೈಯವರಿಗೆ ಯಾರೂ ಹೇಳಿರಲೇ ಇಲ್ಲ. ಹೆಸರಿನಲ್ಲಿ ಕಂಪನಿ ಇತ್ತು, ಊರು ಇರಲಿಲ್ಲ. ಬೆಂಗಳೂರು ಎಫ್‌ಸಿ ನೋಡಿ. 2013ರಲ್ಲಿ ಅದನ್ನ ಕಟ್ಟಿದ್ದು ಇದೇ ಮುಂಬೈನಲ್ಲಿ ಮುಖ್ಯ ಕಚೇರಿ ಇರೋ ಜೆಎಸ್‌ಡಬ್ಲ್ಯು. ಹೆಸರು ಮಾತ್ರ ಊರಿನದ್ದು. ಬಾವುಟ, ಡೋಲು ಹಿಡಿಯೋಕೆ ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಬಳಗವೇ ಇದೆ. 2019ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್ ನಮ್ಮ ಅಂಧೇರಿಯಲ್ಲೇ ನಡೀತು. ಮುಂಬೈಯ ಹುಡುಗ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಗೋಲು ಹೊಡೆದು ಬೆಂಗಳೂರಿಗೆ ಕಪ್ ತಂದ. ನಾಳೆ ಜೆಎಸ್‌ಡಬ್ಲ್ಯು ಬಿಟ್ಟು ಹೋದ್ರೆ ಆ ಬಳಗದ ಕೈಲಿ ತಂಡ ಉಳಿಯುತ್ತಾ? ಹೇಳೋದು ಕಷ್ಟ. ಕನಿಷ್ಠ ಅಳೋರಾದ್ರೂ ಇದಾರೆ.

ಹಾಗಂತ ಈ ಊರಿನ ಕನ್ನಡಿಗರಿಗೆ ಯಜಮಾನನಿಲ್ಲದೆ ಏನನ್ನಾದ್ರೂ ನಡೆಸೋದು ಗೊತ್ತಿಲ್ಲ ಅಂತ ಅಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ, ಹತ್ತಿರ ಹತ್ತಿರ ನಿಕ್ಕೊ ತಂಡದ ವಯಸ್ಸೇ. ಯಾವ ಕಂಪನಿಯ ಸಿಎಸ್‌ಆರ್ ದುಡ್ಡೂ ಅದನ್ನ ಹುಟ್ಟಿಸಲಿಲ್ಲ. ಕೆಲಸ ಹುಡುಕ್ಕೊಂಡು ಬಂದವರು ಸೇರಿ ಕಟ್ಟಿದ್ದು. ಹೋಟೆಲ್ ಹುಡುಗರಿಗೆ ಇಲ್ಲಿ ರಾತ್ರಿ ಶಾಲೆ ನಡೆಸಿದ ಕನ್ನಡಿಗರೂ ಅಂಥವರೇ. ನಾವು ಐಟಿಯವರು ಮಾತ್ರ ಎಲ್ಲದಕ್ಕೂ ಎಚ್‌ಆರ್ ಮೇಲ್ ಬರಲಿ ಅಂತ ಕಾಯ್ತೀವಿ, ಆಟಕ್ಕೂ ಸಹ.

ನಮ್ಮ ಆಫೀಸಿನಲ್ಲೂ ಒಂದು ಫುಟ್‌ಬಾಲ್ ತಂಡ ಇತ್ತು. ಟರ್ಫಿನ ಬಾಡಿಗೆ ಕಂಪನಿದು, ಜೆರ್ಸಿ ಕಂಪನಿದು. ಒಂದು ಏಪ್ರಿಲಿನಲ್ಲಿ ಬಜೆಟ್ ಇಲ್ಲ ಅಂತ ನಾಲ್ಕು ಸಾಲಿನ ಮೇಲ್ ಬಂತು. ಅದೇ ತಿಂಗಳು ತಂಡದ ಮೂವರ ಕೆಲಸವೂ ಹೋಯ್ತು. ಅವರನ್ನ ವಾಟ್ಸಾಪ್ ಗುಂಪಿಂದ ತೆಗೀಬೇಕಾ ಅಂತ ಯಾರೋ ಕೇಳಿದ್ರು. ದಾವಣಗೆರೆ ಕಡೆಯ ನಮ್ಮ ಗೋಲ್‌ಕೀಪರ್ ಬರೆದ: “ಕಂಪನಿ ತೆಗೆದಿದೆ, ನಾವ್ಯಾಕೋ ತೆಗೀಬೇಕು?” ಅವತ್ತಿಂದ ತಲೆಗೆ ಇನ್ನೂರು ರೂಪಾಯಿ ಹಾಕ್ಕೊಂಡು ಠಾಣೆಯ ಘೋಡ್‌ಬಂದರ್ ರಸ್ತೆಯ ಒಂದು ಟರ್ಫಲ್ಲಿ ಆಡ್ತಿದ್ದೀವಿ. ಕೆಲಸ ಹೋದವರು ಹೊಸ ಕೆಲಸ ಸಿಗೋ ತನಕ ಕೊಡಬೇಕಾಗಿಲ್ಲ. ಒಬ್ಬನಿಗೆ ಏಳು ತಿಂಗಳು ಹಿಡೀತು, ಒಂದು ಶನಿವಾರವೂ ತಪ್ಪಿಸಲಿಲ್ಲ.

ಗೋಲ್‌ಕೀಪರ್ ಮುಂದಿನ ತಿಂಗಳು ಪುಣೆಗೆ ವರ್ಗ ಆಗ್ತಿದ್ದಾನೆ. ಶನಿವಾರ ಬೆಳಿಗ್ಗೆ ಏಳಕ್ಕೆ ಏಳಬಲ್ಲವರು, ಗೋಲ್‌ಕೀಪಿಂಗ್ ಬರದಿದ್ರೂ ಪರವಾಗಿಲ್ಲ, ಮಾತು ಮುಗಿದ ಮೇಲೆ ಹೊರಗೆ ಚಹಾ ಹತ್ರ ಸಿಗಿ.