ಹೆರಿಗೆಗೆ ಮುನ್ನವೇ ಬೇಕಾದ ಸೂಲಗಿತ್ತಿ



ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ನಾಡೇ ಹೆಮ್ಮೆಪಟ್ಟಿತು. ಆದರೆ ಸೂಲಗಿತ್ತಿಯ ನೆನಪು ನಮಗಾಗುವುದು ಹೆರಿಗೆಯ ಹೊತ್ತಿಗೆ ಮಾತ್ರ. ಇಂದು ನಾವು 'ಸಿಸ್ಟರ್' ಎಂದು ಕರೆಯುವ ಎಎನ್‌ಎಂಗಳು ಶುಶ್ರೂಷೆ ಮತ್ತು ಹೆರಿಗೆ ಎರಡರಲ್ಲೂ ತರಬೇತಿ ಪಡೆದವರು. ಸೊಸೆ ಗರ್ಭಿಣಿಯಾದಾಗ ಅವರನ್ನು ಹುಡುಕುವ ನಾವು, 13 ವರ್ಷದ ಮಗಳಿಗಾಗಿ ಎಂದಾದರೂ ಹುಡುಕಿದ್ದೇವೆಯೇ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಹೆರಿಗೆಯ ದಿನ ರಕ್ತಕ್ಕಾಗಿ ಅಲೆಯುವುದಕ್ಕಿಂತ, ಈಗಲೇ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆಯನ್ನು ಊಟದ ಬಳಿಕ ಕೊಡುವುದು ಸುಲಭವಲ್ಲವೇ?

ಮುಟ್ಟನ್ನು ನಾವು ಪಿಸುಮಾತಿಗೆ ಸೀಮಿತಗೊಳಿಸಿದ್ದೇವೆ. ರಕ್ತಸ್ರಾವ 7 ದಿನ ಮೀರಿದರೆ, 15 ತುಂಬಿದರೂ ಋತುಮತಿಯಾಗದಿದ್ದರೆ, ನೋವಿನಿಂದ ಶಾಲೆ ತಪ್ಪುತ್ತಿದ್ದರೆ ಅದು ನಾಚಿಕೆಯ ವಿಷಯವಲ್ಲ, ತಪಾಸಣೆಯ ವಿಷಯ. ಪುರುಷ ವೈದ್ಯರೆದುರು ಬಾಯಿ ಬಿಡದ ಮಗಳು ಸಿಸ್ಟರ್ ಬಳಿ ಬಿಚ್ಚಿ ಹೇಳಬಲ್ಲಳು. ಅಗತ್ಯವಿದ್ದರೆ ಅವರೇ ವೈದ್ಯರ ಬಳಿ ಕಳುಹಿಸುತ್ತಾರೆ. 'ಮದುವೆಯಾದರೆ ಸರಿಹೋಗುತ್ತದೆ' ಎಂಬುದು ಚಿಕಿತ್ಸೆಯಲ್ಲ. 18 ತುಂಬುವ ಮುನ್ನ ಮದುವೆ ಮಾಡುವುದು ಕಾನೂನಿಗೆ ವಿರುದ್ಧ. ಎಳೆಯ ಪ್ರಾಯದ ಗರ್ಭ ತಾಯಿ ಮಗು ಇಬ್ಬರಿಗೂ ಅಪಾಯ.

ಸರಕಾರಕ್ಕೂ ಒಂದು ಮಾತು. 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಹದಿಹರೆಯದವರಿಗಾಗಿ ನಮ್ಮ ರಾಜ್ಯದಲ್ಲಿ ಸ್ನೇಹ ಕ್ಲಿನಿಕ್‌ಗಳೂ ಬಂದವು. ಫಲಕ ತೂಗಿದರೆ ಸಾಲದು. ಮಗಳ ಮಾತು ಮೂರನೆಯವರ ಕಿವಿಗೆ ಬೀಳದಂಥ ಒಂದು ಕೋಣೆ ಬೇಕು, ಕೇಳುವ ಸಿಸ್ಟರ್‌ಗೆ ಬಿಡುವು ಬೇಕು.

ತಾಯಂದಿರೇ, ಈ ವಾರವೇ ಮಗಳ ಕೈಹಿಡಿದು ಆರೋಗ್ಯ ಕೇಂದ್ರಕ್ಕೆ ಹೋಗಿ. ಪರಿಚಯ ಮಾಡಿಸಿ, ಬಳಿಕ ನೀವು ಸ್ವಲ್ಪ ಹೊತ್ತು ಹೊರಗೆ ಕುಳಿತುಕೊಳ್ಳಿ.